ಆರನೆಯ ಇ-ರೀಡರನ್ನು ವಾಪಸು ಕೊಡಿ

ಹೊರನಾಡ ಗ್ರಂಥಾಲಯ ಯೋಜನೆಯ ಮಾನ್ಯ ಅಧಿಕಾರಿಗಳೇ,

2016ರ ಜೂನ್‌ನಲ್ಲಿ ನೀವು ನಮ್ಮ ಡೊಂಬಿವಲಿಯ ಕನ್ನಡ ಗ್ರಂಥಾಲಯದಿಂದ ಆರು ಟಚ್‌ಸ್ಕ್ರೀನ್ ಇ-ರೀಡರುಗಳನ್ನು ವಾಪಸು ತರಿಸಿಕೊಂಡಿರಿ. ಅದರಿಂದ ಒಬ್ಬ ಹೆಂಗಸಿನ ಓದು ನಿಂತುಹೋಗಿದೆ. ನಿಮ್ಮನ್ನು ಬೈಯಬೇಕೆಂದೇ ಪೆನ್ನು ಹಿಡಿದೆ. ಆದರೆ ತರಿಸಿಕೊಳ್ಳಿ ಎಂದು ಬರೆದುಕೊಟ್ಟವನೂ ನಾನೇ. ಆದ್ದರಿಂದ ಬೈಗುಳವನ್ನು ಇಬ್ಬರೂ ಹಂಚಿಕೊಳ್ಳೋಣ. ದೊಡ್ಡ ಪಾಲು ನನಗಿರಲಿ.

ಮೊದಲು ನಿಮ್ಮ ಪಾಲು ಮುಗಿಸಿಬಿಡುತ್ತೇನೆ. ಒಂದು ಕಬ್ಬಿಣದ ಕಪಾಟು ಕೊಡಿ, ಗೆದ್ದಲು ಹತ್ತುತ್ತಿದೆ ಎಂದು ನಾಲ್ಕು ವರ್ಷಗಳಲ್ಲಿ ಮೂರು ಪತ್ರ ಬರೆದೆ. ಉತ್ತರವಿಲ್ಲ. 'ಈ ಯಂತ್ರಗಳು ನಮಗೆ ಉಪಯೋಗವಿಲ್ಲ' ಎಂದು ಒಂದೇ ಒಂದು ವರದಿ ಕಳಿಸಿದೆ; ಒಂಬತ್ತನೆಯ ದಿನಕ್ಕೆ ನಿಮ್ಮ ಕಚೇರಿಯವರು ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು! ಕೊಡುವ ಕೈಗೆ ಇಲ್ಲದ ಚುರುಕು ಕಸಿಯುವ ಕೈಗೆ ಎಲ್ಲಿಂದ ಬರುತ್ತದೆ, ಸ್ವಾಮಿ? ಆರೂ ಯಂತ್ರ ಯಾರಿಗೂ ಬೇಡವೇ ಎಂದು ಒಮ್ಮೆ ಫೋನು ಮಾಡಿ ಕೇಳಿದ್ದರೆ ನಾನು ತಡವರಿಸುತ್ತಿದ್ದೆನೋ ಏನೋ. ನೀವು ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ನನ್ನ ಪಾಲು. ಆ ಯಂತ್ರದ ಮೇಲೆ ನನಗೆ ಮೊದಲ ವಾರದಿಂದಲೇ ಸಿಟ್ಟಿತ್ತು. ನಾನು ಠಾಣೆಯ ನೌಪಾಡಾದಲ್ಲಿ ಕೆಲಸ ಮಾಡುವವನು, ಲೋಕಲ್ ರೈಲಿನಲ್ಲಿ ನಿಂತೇ ಓದುವವನು. ಒಂದು ದಿನ ಮುಂಬ್ರಾ ದಾಟುವಾಗ ಯಾರದೋ ಮೊಣಕೈ ಪರದೆಗೆ ತಾಗಿ ಕಾದಂಬರಿ ಎಲ್ಲೋ ಮುಂದಕ್ಕೆ ಹಾರಿತು. ನಾಯಕನಿಗೆ ಜ್ವರ ಬರುವ ಮೊದಲೇ ಅವನ ವೈಕುಂಠ ಸಮಾರಾಧನೆ ಮುಗಿದಿತ್ತು. ಬೆವರಿನ ಬೆರಳಿಗೆ ಪುಟ ತಿರುಗುವುದಿಲ್ಲ. ಮುಕ್ಕಾಲು ಪಾಲು ಪುಸ್ತಕಗಳು ಪುಟದ ಫೋಟೋಗಳಷ್ಟೇ. ಅಕ್ಷರ ಹಿಗ್ಗಿಸಿದರೆ ಸಾಲಿನ ಬಾಲ ಪರದೆಯ ಆಚೆ ಹೋಗುತ್ತದೆ. ಟೈಪು ಮಾಡಿದ ನಲವತ್ತು ಪುಸ್ತಕಗಳಲ್ಲಿ ಅಲ್ಲಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ಇಷ್ಟೂ ನಿಜ, ಇಷ್ಟನ್ನೂ ಬರೆದೆ. ಸಾಲದ್ದಕ್ಕೆ 'ಪುಸ್ತಕದ ಪರಿಮಳವಿಲ್ಲ' ಎಂದೂ ಸೇರಿಸಿದೆ. ನಮ್ಮ ಗ್ರಂಥಾಲಯದ ಪರಿಮಳವೆಂದರೆ ನುಸಿಗುಳಿಗೆಯದು.

ವರದಿಯ ಕೊನೆಯಲ್ಲಿ 'ಎಲ್ಲ ಓದುಗರನ್ನು ವಿಚಾರಿಸಲಾಗಿದೆಯೇ?' ಎಂಬ ಪ್ರಶ್ನೆಯಿತ್ತು. 'ಹೌದು' ಎಂದು ಬರೆದು ಸಹಿ ಹಾಕಿದೆ. ವಿಚಾರಿಸಿದ್ದು ಹೇಗೆ ಗೊತ್ತೇ? ನಮ್ಮಲ್ಲಿ ಮನೆಗೊಂದು ಕಾರ್ಡು, ಅದು ಮನೆಯ ಯಜಮಾನರ ಹೆಸರಿನಲ್ಲಿ. ಆರನೆಯ ಯಂತ್ರವಿದ್ದದ್ದು ಬಸಲಿಂಗಪ್ಪನವರ ಕಾರ್ಡಿಗೆ. ಶಹಾಡ್‌ನಲ್ಲಿ ಮನೆ, ಠಾಣೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಗಿನ ಟಿಟ್ವಾಳಾ ಲೋಕಲ್‌ನಲ್ಲಿ ಅವರು ಓದಿದ ಪುಸ್ತಕದ ಚೀಲ ಕೊಡುತ್ತಾರೆ, ನಾನು ಹೊಸ ಚೀಲ ಕೊಡುತ್ತೇನೆ. ಅಲ್ಲೇ, ಆ ನೂಕುನುಗ್ಗಲಿನಲ್ಲೇ ಕೇಳಿದೆ:

"ಮಾರಾಯ್ರೆ, ಆ ಇ-ರೀಡರ್ ಓದ್ತೀರಾ ನೀವು?"

"ಇಲ್ರೀ ಸರ, ನಾ ಅದನ್ನ ಮುಟ್ಟೇ ಇಲ್ಲ."

ಅಷ್ಟರಲ್ಲಿ ಠಾಣೆ ಬಂತು, ಇಳಿದೆವು. ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಎರಡನೆಯ ಪ್ರಶ್ನೆ ನನಗೆ ಹೊಳೆಯಲೂ ಇಲ್ಲ. ಮುಂದಿನ ವಾರ ತಪಾಸಣೆಗೆ ಬೇಕು ಎಂದೆ, ಅವರು ಅದನ್ನು ಚೀಲದಲ್ಲಿಟ್ಟು ತಂದುಕೊಟ್ಟರು.

ಹದಿನೈದು ದಿನ ಕಳೆದ ಮೇಲೆ ಅದೇ ಲೋಕಲ್‌ನಲ್ಲಿ ಅವರೇ ಕೇಳಿದರು, "ಸರ, ಆ ಓದೂ ಪಾಟಿ ಯಾವಾಗ ವಾಪಸ್ ಬರ್ತದ? ಮನ್ಯಾಗ ಕಲ್ಲವ್ವ ದಿನಾ ಕೇಳಾಕತ್ತಾಳ."

"ನೀವು ಮುಟ್ಟೇ ಇಲ್ಲ ಅಂದ್ರಲ್ಲ!"

"ನಾ ಮುಟ್ಟಿಲ್ರೀ. ಓದಾಕಿ ಆಕಿ. ನೀವು ನನ್ನ ಕೇಳಿದ್ರಿ, ಆಕೀನ್ನ ಕೇಳಲಿಲ್ಲ."

ಹದಿನಾಲ್ಕು ವರ್ಷಗಳಿಂದ ಆ ಚೀಲದ ಪುಸ್ತಕಗಳೆಲ್ಲ ಹೋಗುತ್ತಿದ್ದದ್ದು ಅವರ ಹೆಂಡತಿ ಕಲ್ಲವ್ವನವರಿಗೆ. ಪುಸ್ತಕ ವಿಭಾಗದ ಕಾರ್ಯದರ್ಶಿಯಾದ ನನಗೆ ಅದು ಗೊತ್ತಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಆ ಭಾನುವಾರ ಶಹಾಡ್‌ಗೆ ಹೋದೆ. ಕಲ್ಲವ್ವನವರ ಕಣ್ಣಿನ ನಡುವಿನ ದೃಷ್ಟಿ ಸವೆದಿದೆ. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿ ಮೂರು ವರ್ಷವಾಯಿತಂತೆ. ಅಲ್ಲಿಂದೀಚೆಗೆ ಚೀಲದ ಪುಸ್ತಕಗಳು ಬರುತ್ತಿದ್ದವು, ತೆರೆಯದೆ ಹಿಂದಿರುಗುತ್ತಿದ್ದವು. ಆಮೇಲೆ ನಿಮ್ಮ ಯಂತ್ರ ಬಂತು. ಟೈಪು ಮಾಡಿದ ಪುಸ್ತಕದ ಅಕ್ಷರವನ್ನು ಪರದೆಗೆ ಏಳೆಂಟು ಪದ ಹಿಡಿಯುವಷ್ಟು ದೊಡ್ಡದು ಮಾಡಿಕೊಂಡು ಓದತೊಡಗಿದರು. ಎಷ್ಟು ಹಿಗ್ಗಿಸಿದರೂ ಸಾಲು ತಾನಾಗಿ ಮಡಚಿಕೊಳ್ಳುತ್ತದೆ, ಕಣ್ಣು ಚುಚ್ಚುವ ಬೆಳಕಿಲ್ಲ, ತೊಡೆಯ ಮೇಲೆ ಭಾರವಿಲ್ಲ, ನಿಲ್ಲಿಸಿದ ಜಾಗವನ್ನು ಅದೇ ನೆನಪಿಟ್ಟುಕೊಳ್ಳುತ್ತದೆ. ಈ ಗುಣಗಳಲ್ಲಿ ಒಂದನ್ನೂ ನನ್ನ ವರದಿಯಲ್ಲಿ ನಾನು ಬರೆದಿರಲಿಲ್ಲ.

"ಒಂದು ಪುಟ ಮುಗಿಸಲು ಇಪ್ಪತ್ತು ಸಲ ಒತ್ತಬೇಕಲ್ಲ ಅಕ್ಕಾ?" ಎಂದೆ, ನನ್ನ ಮಾನ ಉಳಿಸಿಕೊಳ್ಳಲು.

"ಒತ್ತಿದ್ರ ಏನಾತ್ರೀ? ದಿನಾ ರೊಟ್ಟಿ ಬಡಿಯೂ ಕೈ ಇದು."

ಕಳಚಿ ಬಿದ್ದ ಒತ್ತಕ್ಷರಗಳ ಬಗ್ಗೆ ಕೇಳಿದೆ. ಅವನ್ನು ತಾವೇ ಎತ್ತಿ ಜೋಡಿಸಿಕೊಳ್ಳುತ್ತಿದ್ದರಂತೆ. ನನ್ನ ಮೊಣಕೈ ಸಿಟ್ಟಿಗೆ ಅವರು ಓದು ಕಳೆದುಕೊಂಡರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂದರೆ ಇದೇ ಅಲ್ಲವೇ?

ಪ್ರಾಯಶ್ಚಿತ್ತಕ್ಕೆಂದು ಅವರು ಅರ್ಧಕ್ಕೆ ಬಿಟ್ಟ ಕಾದಂಬರಿಯ ಕಾಗದದ ಪ್ರತಿ ಹುಡುಕಿ, ಪ್ರತಿ ಭಾನುವಾರ ಓದಿ ಹೇಳುತ್ತೇನೆಂದು ಕೂತೆ. ಎರಡನೆಯ ಭಾನುವಾರ ಕಥೆಯಲ್ಲಿ ಗಂಡಹೆಂಡಿರು ಮಲಗುವ ಕೋಣೆಯಲ್ಲಿ ಆಡುವ ಮಾತು ಬಂತು. ಬಸಲಿಂಗಪ್ಪನವರು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. ಗಂಟಲು ಸರಿಮಾಡಿಕೊಂಡು ಒಂದು ಪುಟ ಹಾರಿಸಿದೆ.

"ಸರ, ನಡುವ ಏನೋ ಬಿಟ್ರಿ."

"ಇಲ್ಲವಲ್ಲ ಅಕ್ಕಾ."

"ಬಿಟ್ರಿ. ನಿಮಗ ನಾಚಿಕಿ ಬಂದ್ರ ಅದು ನನ್ನ ತಪ್ಪೇನ್ರೀ? ನೀವು ಓದೂದು ನಿಮ್ಮ ಓಟಕ್ಕ. ನಾ ಒಂದು ಮಾತಿಗೆ ಅರ್ಧ ದಿವಸ ಕುಂದರಾಕಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇದು ಓದಲ್ಲ."

ನಾನು ಪುಸ್ತಕ ಮುಚ್ಚಿದೆ. ಅವರು ಹೇಳಿದ್ದು ಸರಿ. ಇನ್ನೊಬ್ಬರ ಬಾಯಿಂದ ಕೇಳುವಾಗ ಮನುಷ್ಯ ಒಬ್ಬಂಟಿಯಾಗಿರಲು ಆಗುವುದಿಲ್ಲ. ಆ ಮನೆಯಲ್ಲಿ ಅವರಿಗೆ ಅಂಥ ಒಬ್ಬಂಟಿ ಹೊತ್ತು ಕೊಟ್ಟಿದ್ದು ನಿಮ್ಮ ಯಂತ್ರ. ಕಸಿದದ್ದು ನಾನು.

ಈಗ ಬೇಡಿಕೆ. ಐದು ಯಂತ್ರಗಳನ್ನು ನಿಮ್ಮ ಕಪಾಟಿನಲ್ಲೇ ಇಟ್ಟುಕೊಳ್ಳಿ, ನಿಮಗಾದರೂ ಕಪಾಟಿದೆಯಲ್ಲ. ಆರನೆಯದನ್ನು ಕೊಡಿ. ಅದರಲ್ಲಿ ಅವರು ನಿಲ್ಲಿಸಿದ ಪುಟ ಉಳಿದಿದ್ದರೆ ದಯವಿಟ್ಟು ಅಳಿಸಬೇಡಿ. ನನ್ನ ವರದಿ ಸುಳ್ಳೆಂದು ದಾಖಲಿಸಿ, ನನ್ನನ್ನು ಸ್ಥಾನದಿಂದ ತೆಗೆಯಿರಿ ಎಂದು ನಮ್ಮ ಸಮಿತಿಗೆ ಬರೆಯುವುದಿದ್ದರೂ ಬರೆಯಿರಿ. ಯಂತ್ರ ಮಾತ್ರ ಮೊದಲು ಬರಲಿ.

ಅರ್ಜಿಯಲ್ಲಿ 'ಉಪಯೋಗಿಸುವವರ ಸಹಿ' ಬೇಕೆಂದು ನಿಮ್ಮ ನಿಯಮ. ಕಲ್ಲವ್ವನವರು ತಾವೇ ಮಾಡಿದ್ದಾರೆ. ಗೆರೆ ತೋರಿಸಲೆಂದು ನಾನು ಕೈ ಹಿಡಿಯಹೋದೆ, ಬ್ಯಾಡ ಎಂದರು. ಹಾಗಾಗಿ ಸಹಿ ಗೆರೆ ಬಿಟ್ಟು ಓರೆಯಾಗಿ ಕೆಳಗಿಳಿದು, 'ಕಚೇರಿಯ ಉಪಯೋಗಕ್ಕೆ ಮಾತ್ರ' ಎಂಬ ಚೌಕದೊಳಗೆ ಹೋಗಿದೆ. ಈ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಬೇಡಿ. ಅವರಿಗೆ ಎಷ್ಟು ಕಾಣುತ್ತದೆ ಎನ್ನುವುದಕ್ಕೆ ನನ್ನ ಬಳಿ ಇರುವ ಪ್ರಮಾಣಪತ್ರ ಅದೊಂದೇ.

ಇಂತಿ,
ಓದುವವರನ್ನು ಬಿಟ್ಟು ಕಾರ್ಡನ್ನು ವಿಚಾರಿಸಿದ,
ಜಯಶೀಲ
ಪುಸ್ತಕ ವಿಭಾಗದ ಕಾರ್ಯದರ್ಶಿ (ಸದ್ಯಕ್ಕೆ)
ಡೊಂಬಿವಲಿ ಪೂರ್ವ