ಹಾಲವ್ವನ ಮೂರೂವರೆ ಗಾಳಿ

ಗದಗ, ಇಸವಿ ೨೨೦೩, ಮುಂಗಾರು ತೀರಿದ ಹದಿನಾಲ್ಕನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ

ಕುಮಾರಿ ಪೂರ್ಣಿಮಾ ಡಂಬಳ ಅವರಿಗೆ, ಕಸ್ತೂರಿ ಡಂಬಳ ಮಾಡುವ ನಮಸ್ಕಾರ, ಜೊತೆಗೆ ಆಶೀರ್ವಾದ.

ಎರಡನ್ನೂ ಯಾಕೆ ಬರೆದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆದರೆ ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ನಿಮಗೆ ಹದಿನೇಳು ವರ್ಷ, ಬರೆಯುತ್ತಿರುವ ನನಗೆ ಐವತ್ತಾರು. ಕಾಲಿಗೆ ಬೀಳಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಎರಡು ದಿನ ಪೆನ್ನು ಹಿಡಿದು ಕೂತಿದ್ದೆ. ನಮ್ಮ ಕಾಲದ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರವನ್ನು ಹಿಮ್ಮುಖ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಆ ಅಂಚೆಯಲ್ಲಿ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಗೆಳತಿಯರೆಲ್ಲ ದೊಡ್ಡ ದೊಡ್ಡ ಅರಸರಿಗೆ ಬರೆದರು. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಒಂದು ಪ್ರಶ್ನೆ ಕೇಳಿದ್ದಿರಿ, ಅದು ನನ್ನ ಕಸುಬಿನ ಪ್ರಶ್ನೆ.

ಹಳೆಯ ಕಡತಗಳ ಭಂಡಾರದಲ್ಲಿ ಅದು ನನಗೆ ಸಿಕ್ಕಿತು. ಯಾವುದೋ ಅಂತರ್ಜಾಲ ಕಟ್ಟೆಯಲ್ಲಿ ಗುರುತಿಲ್ಲದ ಜನರ ಮುಂದೆ ನಿಮ್ಮ ಬಗ್ಗೆ ಒಂದು ಪಟ್ಟಿ ಕೊಟ್ಟಿದ್ದೀರಿ. ಹತ್ತನೆಯ ತರಗತಿಯಲ್ಲಿ ಶೇಕಡಾ ತೊಂಬತ್ತೆಂಟು. ಭಾಷಣ ಸ್ಪರ್ಧೆಯಲ್ಲಿ ಮೂರು ಬಹುಮಾನ. ಗಣಿತದ ಒಲಿಂಪಿಯಾಡ್‌ನಲ್ಲಿ ಮೊದಲ ಸುತ್ತು. ಶಾಲೆಯ ಆವರಣದಲ್ಲಿ ನಲವತ್ತು ಗಿಡ ನೆಟ್ಟದ್ದು. ಕೊನೆಗೆ, ಇಂಥ ವಿಶ್ವವಿದ್ಯಾಲಯಕ್ಕೆ ಸೇರುವ ನನ್ನ ಚಾನ್ಸ್ ಎಷ್ಟು, ದಯವಿಟ್ಟು ಯಾರಾದರೂ ಹೇಳಿ, ಎಂದು ಕೇಳಿದ್ದೀರಿ. ಒಬ್ಬ ಶೇಕಡಾ ಎಂಟು ಎಂದಿದ್ದಾನೆ. ಇನ್ನೊಬ್ಬ ಗಿಡಗಳಿಂದ ಏನೂ ಆಗದು ಎಂದಿದ್ದಾನೆ. ಮೂರನೆಯವಳು ಆಲ್ ದಿ ಬೆಸ್ಟ್ ಎಂದು ಎದ್ದು ಹೋಗಿದ್ದಾಳೆ. ಓದಿ ನನಗೆ ಸಿಟ್ಟು ಬಂತು. ಮನೆಗೆ ಬಾರದೆ, ಮುಖ ನೋಡದೆ, ಅವಳ ಕೈಯ ಒಂದು ಲೋಟ ಚಹಾ ಕುಡಿಯದೆ ಒಂದು ಹುಡುಗಿಯ ಅಂದಾಜು ಮಾಡುವುದೆಂದರೆ ಏನು?

ನಾನು ಅಂದಾಜುಗಾರ್ತಿ, ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ನಮ್ಮಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿ ವಿದ್ಯಾಪೀಠ ಎಂಬುದೊಂದಿದೆ. ವರ್ಷಕ್ಕೆ ಅರವತ್ತೇ ಸೀಟು, ಕೇಳುವವರು ಸಾವಿರಾರು. ಅಂಕಪಟ್ಟಿಯನ್ನು ಅವರು ಮೂಸಿಯೂ ನೋಡುವುದಿಲ್ಲ. ಯಂತ್ರಗಳು ಎಲ್ಲ ಪ್ರಶ್ನೆಗೂ ಸರಿಯುತ್ತರ ಹೇಳಲು ಕಲಿತ ಮೇಲೆ ಮಕ್ಕಳಿಗೆಲ್ಲ ನೂರಕ್ಕೆ ನೂರು ಬರತೊಡಗಿತು, ಆ ನೂರರಿಂದ ಯಾರು ಯಾರೆಂದು ತಿಳಿಯದಾಯಿತು. ಸರಿಯುತ್ತರ ಯಾರದ್ದಾದರೂ ಆಗಿರಬಹುದು, ತಪ್ಪು ಮಾತ್ರ ಆಯಾ ಮಗುವಿನ ಸ್ವಂತದ್ದು ಎಂದು ನಮ್ಮ ಹಿರಿಯರಿಗೆ ಹೊಳೆಯಿತು. ಅಂದಿನಿಂದ ಅರ್ಜಿಯಲ್ಲಿ ಕೇಳುವುದು ಒಂದೇ, ಅದಕ್ಕೆ ಎಡವು ಎನ್ನುತ್ತೇವೆ. ನೀನು ಗಟ್ಟಿಯಾಗಿ ನಂಬಿದ್ದ ಒಂದು ಸಂಗತಿ ಸುಳ್ಳಾದದ್ದು, ಅದು ಸುಳ್ಳೆಂದು ನೀನೇ ಕಂಡುಕೊಂಡದ್ದು, ಆಮೇಲೆ ನೀನು ಮಾಡಿದ್ದು. ಅಂದಾಜುಗಾರರು ಆ ಮಗುವಿನ ಮನೆಯಲ್ಲಿ ಮೂರು ದಿನ ಇದ್ದು, ಉಂಡು, ಕೊನೆಯ ಸಂಜೆ ಐದಕ್ಕೆ ಒಂದು ಹಾಳೆಯ ಮೇಲೆ ನೂರಕ್ಕೆ ಇಷ್ಟು ಎಂದು ಬರೆದು ಸಹಿ ಹಾಕಬೇಕು. ಅರವತ್ತಕ್ಕಿಂತ ಕಡಿಮೆಯಾದರೆ ವಿದ್ಯಾಪೀಠ ಆ ಅರ್ಜಿಯನ್ನು ತೆರೆಯುವುದಿಲ್ಲ. ಒಬ್ಬರಿಗೆ ಒಂದೇ ಸಲ ಅಂದಾಜು. ಎಡವಿನ ಬಗ್ಗೆ ನಾವಾಗಿ ಒಂದು ಪ್ರಶ್ನೆಯನ್ನೂ ಕೇಳಕೂಡದು, ಮಗು ತಾನಾಗಿ ಹೇಳಿದ್ದನ್ನೇ ಬರೆದುಕೊಳ್ಳಬೇಕು.

ಇಷ್ಟು ಚೆಂದದ ಪದ್ಧತಿಗೂ ನಮ್ಮ ಜನ ಕನ್ನ ಹಾಕಿದರು ಅನ್ನಿ. ಹುಬ್ಬಳ್ಳಿಯಲ್ಲಿ ಎಡವು ಟ್ಯೂಷನ್‌ಗಳಿವೆ. ಹೇಗೆ ತಪ್ಪಬೇಕು, ಎಷ್ಟು ತಪ್ಪಬೇಕು, ಹೇಳುವಾಗ ಎಲ್ಲಿ ಗಂಟಲು ಕಟ್ಟಬೇಕು ಎಂಬುದನ್ನೆಲ್ಲ ಗಿಳಿಪಾಠ ಮಾಡಿಸುತ್ತಾರೆ. ಹೀಗೆ ಕೊಂಡುತಂದ ಎಡವೆಂದು ನಮಗೆ ಗೊತ್ತಾದರೆ ಹಾಳೆಯ ಮೇಲೆ ಸೊನ್ನೆ ಬರೆಯಲೇಬೇಕು. ಸಹಿ ಬೀಳುವುದರೊಳಗೆ ಮಗು ತಾನಾಗಿ ಅದನ್ನು ಹಿಂತೆಗೆದುಕೊಂಡರೆ ಮಾತ್ರ ಉಳಿಗಾಲ.

ಕಳೆದ ತಿಂಗಳು ಶಿರಹಟ್ಟಿಗೆ ಹೋದೆ. ಹುಡುಗಿಯ ಹೆಸರು ಹಾಲವ್ವ, ಹನ್ನೊಂದನೆಯ ತರಗತಿ. ನಿಮ್ಮ ಕಾಲದ ಅಜ್ಜಿಯಂದಿರ ಹೆಸರುಗಳೇ ನಮ್ಮ ಮಕ್ಕಳಿಗೆ ಫ್ಯಾಶನ್ನು. ತಾಯಿಯಿಲ್ಲದ ಮಗಳು. ತಂದೆ ಫಕೀರಪ್ಪ ಮಾಳಿಗೆಗಳ ಮೇಲಿನ ಗಾಳಿಚಕ್ರ ರಿಪೇರಿ ಮಾಡುವವರು. ಆ ಊರಿನ ಬಜಾರವನ್ನು ನೀವು ನೋಡಬೇಕಿತ್ತು. ನಮ್ಮ ಕಾಲದ ಬಿಸಿಲಿಗೆ ಬೀದಿಯಲ್ಲಿ ನಿಲ್ಲಲಾಗದು. ಅದಕ್ಕೆ ಉದ್ದಕ್ಕೂ ಮಾಳಿಗೆಯಿಂದ ಮಾಳಿಗೆಗೆ ನೆರಳುಬಟ್ಟೆ ಕಟ್ಟುತ್ತಾರೆ, ಅರ್ಧ ಮೈಲಿಯ ಒಂದೇ ಬಟ್ಟೆ. ಬಿಸಿಲು ಇಳಿದ ಮೇಲೆ, ಮೂರೂವರೆಗೆ ಸರಿಯಾಗಿ, ಹಗ್ಗ ಎಳೆದು ಅದನ್ನು ಸುತ್ತುತ್ತಾರೆ. ಸಂಡಿಗೆಯನ್ನೂ ನಾವು ಬಿಸಿಲಿಗೆ ಹಾಕುವುದಿಲ್ಲ, ಸುಟ್ಟು ಹೋಗುತ್ತದೆ. ಪಡಸಾಲೆಯ ನೆರಳಲ್ಲಿ ಹರವಿ ಗಾಳಿಗೆ ಒಣಗಿಸುತ್ತಾರೆ. ಆದ್ದರಿಂದ ಗಾಳಿ ಯಾವಾಗ ಬರುತ್ತದೆ ಎಂಬುದು ಹೆಂಗಸರಿಗೆ ಬಲು ದೊಡ್ಡ ಸಂಗತಿ.

ಮೊದಲ ದಿನವೇ ಹಾಲವ್ವ ಎದ್ದು ನಿಂತು ತನ್ನ ಎಡವು ಒಪ್ಪಿಸಿದಳು. ಮಳೆಮಾಪಕವನ್ನು ಮರದ ಕೆಳಗೆ ಇಟ್ಟದ್ದು, ಲೆಕ್ಕ ತಪ್ಪಿದ್ದು, ಆಗ ನನಗೆ ಬಹಳ ದುಃಖವಾಯಿತು ಎನ್ನುವಲ್ಲಿ ಗಂಟಲು ಕಟ್ಟಿದ್ದು, ಎಲ್ಲ ಅಚ್ಚುಕಟ್ಟು. ಅದೇ ಮಳೆಮಾಪಕ, ಅದೇ ಮರ, ಅದೇ ದುಃಖ, ಈ ವರ್ಷ ಏಳು ಮನೆಗಳಲ್ಲಿ ಕೇಳಿದ್ದೆ. ಅಪ್ಪ ಪಕ್ಕದಲ್ಲಿ ಕೂತು ಮಗಳ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದರು. ಹುಡುಗಿಯ ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ, ಅಂಗಳದಲ್ಲಿ ಬೇರೆ ಬೇರೆ ಎತ್ತರಕ್ಕೆ ಕಟ್ಟಿದ್ದ ಬಟ್ಟೆಯ ಚಿಂದಿಗಳ ಮೇಲಿತ್ತು. ಸೊನ್ನೆ ಬರೆಯುವ ಮನಸ್ಸು ನನಗಿರಲಿಲ್ಲ. ಕೇಳುವ ಅಧಿಕಾರವೂ ಇರಲಿಲ್ಲ.

ಎರಡನೆಯ ದಿನ ಊಟಕ್ಕೆ ಕೂತಾಗ ಪಕ್ಕದ ಮನೆಯ ಗಂಗವ್ವ ಬಾಗಿಲಲ್ಲಿ ನಿಂತು, "ಏನವಾ ಹಾಲವ್ವ, ಇವತ್ತರ ಗಾಳಿ ಬರತೈತೋ ಇಲ್ಲೋ? ಸಂಡಿಗಿ ಹಾಕ್ಲೋ ಬ್ಯಾಡೋ, ಹೇಳಿಬಿಡು" ಎಂದು ನಕ್ಕಳು. ಹುಡುಗಿಯ ಮುಖ ಕೆಂಪಗಾಯಿತು. ಫಕೀರಪ್ಪ ಅವಸರದಲ್ಲಿ, "ಅವರ ಮಾತೇನ್ ಕೇಳ್ತೀರಿ ಅಕ್ಕಾರ, ರೊಟ್ಟಿ ಆರತಾವ, ಊಟ ಮಾಡ್ರಿ" ಎಂದರು. ನನ್ನ ಕಿವಿ ನೆಟ್ಟಗಾದವು. ಪೂರ್ಣಿಮಾ, ಇಪ್ಪತ್ತೆರಡು ವರ್ಷದಲ್ಲಿ ರೊಟ್ಟಿ ನುಂಗುವುದು ನನಗೆ ಅಷ್ಟು ಕಷ್ಟವಾದದ್ದಿಲ್ಲ. ಇಲ್ಲಿ ಏನೋ ಇದೆ, ನಿಜವಾದದ್ದು ಇದೆ, ಅದು ಊರಿಗೆಲ್ಲ ಗೊತ್ತು, ನನ್ನಿಂದ ಮಾತ್ರ ಮುಚ್ಚಿಟ್ಟಿದ್ದಾರೆ. ಕೇಳೋಣವೆಂದರೆ ನಿಯಮ ಅಡ್ಡ. ನಾಲಿಗೆ ಕಚ್ಚಿಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ನಾನು ಸಹಿ ಹಾಕಬೇಕು. ಚೀಲ ಕಟ್ಟಿಟ್ಟಿದ್ದೆ. ಕೊನೆಯ ಸಲ ಒಪ್ಪಿಸಿಬಿಡು ಎಂದು ಅಪ್ಪ ಮಗಳನ್ನು ಎಬ್ಬಿಸಿ ನಿಲ್ಲಿಸಿದರು. ಮಳೆಮಾಪಕ ಆಯಿತು, ಮರ ಆಯಿತು, ಆಗ ನನಗೆ ಬಹಳ ದುಃಖ ಎನ್ನುವಲ್ಲಿ ಹಾಲವ್ವ ನಿಂತಳು. ನಗು ತಡೆಯಲಾಗದೆ ನಕ್ಕೇಬಿಟ್ಟಳು.

"ಅಕ್ಕಾರ, ಇದು ನಂದಲ್ರಿ. ಹುಬ್ಬಳ್ಳ್ಯಾಗ ಕಲಿಸಿದ್ದು. ನಂದು ಬ್ಯಾರೇ ಐತಿ. ಲಗೂನ ನಡೀರಿ, ಮೂರೂವರಿ ಆಗತೈತಿ."

ನನ್ನ ಕೈ ಹಿಡಿದು ಬಜಾರಕ್ಕೆ ಎಳೆದುಕೊಂಡು ಹೋದಳು. ಹಿಂದೆ ಫಕೀರಪ್ಪ ಚಪ್ಪಲಿ ಮೆಟ್ಟದೆ ಓಡಿ ಬಂದರು. ದಾರಿಯುದ್ದಕ್ಕೂ ಹುಡುಗಿ ಉಸಿರು ಬಿಡದೆ ಹೇಳಿದಳು. ಚಿಕ್ಕಂದಿನಿಂದ ಚಿಂದಿ ಕಟ್ಟಿ ಗಾಳಿ ನೋಡುತ್ತಿದ್ದಳಂತೆ. ದಿನಾ ಮೂರೂವರೆಗೆ ಒಂದು ಗಾಳಿ ಎದ್ದು ಓಣಿಗಳಿಗೆಲ್ಲ ನುಗ್ಗುತ್ತದೆ, ಅದು ಕಪ್ಪತಗುಡ್ಡದಿಂದ ಇಳಿದು ಬರುವುದೇ ಸೈ ಎಂದು ನಕ್ಷೆ ಬರೆದು ಊರಿಗೆಲ್ಲ ಸಾರಿದ್ದಳು. ಎರಡು ವರ್ಷ ಹೆಂಗಸರು ಅವಳ ಮಾತಿನ ಮೇಲೆ ಸಂಡಿಗೆ ಹಾಕಿದರು, ಸಂಡಿಗೆ ಒಣಗಿತು, ಹಾಲವ್ವನ ಗಾಳಿ ಎಂದು ಅದಕ್ಕೆ ಹೆಸರೂ ಬಿತ್ತು. ಆಮೇಲೆ ಒಂದು ಸಲ ನೆರಳುಬಟ್ಟೆ ಹರಿದು ಹೊಲಿಗೆಗೆ ಹೋಯಿತು. ಮೋಡ ಕವಿದ ದಿನಗಳು, ನೆರಳಿನ ಅವಸರ ಯಾರಿಗೂ ಇರಲಿಲ್ಲ. ಹಾಕ್ರಿ, ಗಾಳಿ ಬಂದೇ ಬರತೈತಿ ಎಂದು ಇವಳು ಭರವಸೆ ಕೊಟ್ಟಳು. ಮೂರು ದಿನ ಎಲೆ ಅಲ್ಲಾಡಲಿಲ್ಲ. ಹನ್ನೊಂದು ಮನೆಯ ಸಂಡಿಗೆ ಹುಳಿ ಬಂದು ಹಾಳಾಯಿತು.

"ನಾಕನೇ ದಿನ ಬಟ್ಟಿ ಕಟ್ಟಿದ್ರು. ಅವತ್ತ ಗಾಳಿ ಬಂತ್ರಿ. ನನಗ ಸಂಶೇ ಬಂತು. ಮರುದಿನ ಹಗ್ಗದವರ ಕಾಲ ಹಿಡದು, ಇವತ್ತೊಂದಿನ ನಾಕಕ್ಕ ಸುತ್ತರೀ ಅಂದೆ. ಸುತ್ತಿದ್ರು. ಗಾಳಿ ನಾಕಕ್ಕ ಬಂತು. ಗುಡ್ಡದ್ದಲ್ರಿ ಅದು, ಬಟ್ಟೀದು."

ಅಷ್ಟರಲ್ಲಿ ಹಗ್ಗ ಎಳೆದರು. ಬಟ್ಟೆ ಸುರುಳಿ ಸುತ್ತುತ್ತಾ ಸರಿಯಿತು, ದಿನವಿಡೀ ಅದರ ಕೆಳಗೆ ತಂಪಾಗಿ ಕೂತಿದ್ದ ಗಾಳಿ ಒಮ್ಮೆಲೇ ಎದ್ದು ಓಣಿಗೆ ನುಗ್ಗಿತು. ನನ್ನ ಸೆರಗು ಹಾರಿ ಮುಖಕ್ಕೆ ಬಡಿಯಿತು. ಬೀದಿಯ ನಡುವೆ ನಿಂತು ನಾನು ಚಿಕ್ಕ ಹುಡುಗಿಯಂತೆ ಕುಣಿದೆ ಎಂದು ಆಮೇಲೆ ಗಂಗವ್ವ ಹೇಳಿದಳು, ಇರಬಹುದು. ಹಾಲವ್ವ ಹನ್ನೊಂದು ಮನೆಗೂ ತಾನೇ ಹೋಗಿ, ನನ್ನ ಮಾತು ಸುಳ್ಳಾಗಿತ್ತು, ಗಾಳಿ ಬಟ್ಟೆಯದು, ಬಟ್ಟೆ ಇಲ್ಲದ ದಿನ ಸಂಡಿಗೆ ಹಾಕಬೇಡಿ ಎಂದು ಹೇಳಿ ಬಂದಿದ್ದಳು. ಅವಳಪ್ಪನಿಗೆ ಅದೇ ದೊಡ್ಡ ಅವಮಾನ.

"ಹನ್ನೊಂದು ಮನಿ ಸಂಡಿಗಿ ಕೆಡಿಸಿದ್ದು ದೊಡ್ಡ ಸಾಧನಿ ಏನವಾ? ಮಳಿಮಾಪಕದ್ದಾದ್ರ ಮರ್ಯಾದಸ್ತರ ತಪ್ಪು" ಎಂದು ಫಕೀರಪ್ಪ ಮುಖ ಸಣ್ಣದು ಮಾಡಿಕೊಂಡರು. ನನ್ನ ಕಡೆ ತಿರುಗಿ, "ಇದನ್ನ ಬರದ್ರ ಕಾಗದದಾಗ ಕಾಯಂ ಉಳೀತೈತಲ್ರಿ ಅಕ್ಕಾರ?" ಎಂದು ಕೇಳಿದರು.

"ಉಳೀಲಿ ಅಂತನ ಬರೀತೀನ್ರಿ" ಎಂದೆ.

ಬೀದಿಯಲ್ಲೇ, ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಹಾಳೆ ತುಂಬಿದೆ. ನೂರಕ್ಕೆ ತೊಂಬತ್ತೊಂದು. ಅಷ್ಟು ದೊಡ್ಡ ಸಂಖ್ಯೆಯನ್ನು ನಾನು ಯಾರಿಗೂ ಬರೆದಿರಲಿಲ್ಲ. ಆದರೂ ಅದು ಅಂದಾಜು ಮಾತ್ರ, ಸೀಟು ಕೊಡುವುದು ಗುಡ್ಡದ ಮೇಲಿನವರು. ಅವರ ಪದ್ಧತಿಯೂ ವಿಚಿತ್ರ. ಆಯ್ಕೆಯಾದವರ ಪಟ್ಟಿ ಹಚ್ಚುವುದಿಲ್ಲ. ಬೇಡವಾದವರಿಗೆ ಎರಡು ಸಾಲಿನ ಕಾಗದ, ಬೇಕಾದವರಿಗೆ ಒಂದು ಪ್ರಶ್ನೆ. ಇವತ್ತು ಮಧ್ಯಾಹ್ನದೊಳಗೆ ಹಾಲವ್ವನಿಗೆ ಎರಡರಲ್ಲಿ ಒಂದು ಬರಬೇಕು. ಬೆಳಿಗ್ಗೆಯಿಂದ ನನಗೆ ಒಂದೆಡೆ ಕೂರಲಾಗುತ್ತಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮಗೆ ಸೀಟು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಲು ಮನಸ್ಸಿಲ್ಲದೆ ಹೀಗೆ ಬರೆಯುತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಆ ವಿಶ್ವವಿದ್ಯಾಲಯದ ದಾಖಲೆಗಳು ಉಳಿದಿಲ್ಲ, ಆ ವಿಶ್ವವಿದ್ಯಾಲಯವೇ ಉಳಿದಿಲ್ಲ. ನೀವು ಉಳಿದಿದ್ದೀರಿ, ನನ್ನ ತನಕ ಬಂದಿದ್ದೀರಿ. ಆದರೆ ನಿಮ್ಮದೆಂದು ನನ್ನ ಬಳಿ ಇರುವುದು ಆ ಪಟ್ಟಿ ಒಂದೇ, ಅದರಲ್ಲಿ ನೀವು ಎಲ್ಲೂ ಎಡವಿಲ್ಲ. ಎಷ್ಟು ಸಲ ಓದಿದರೂ ನಿಮ್ಮ ಮುಖ ಕಾಣುವುದಿಲ್ಲ, ಅದು ನನಗೆ ಬೇಸರ. ಆ ನಲವತ್ತು ಗಿಡಗಳಲ್ಲಿ ಎಷ್ಟು ಒಣಗಿದವು, ಯಾಕೆ ಒಣಗಿದವು, ಆಗ ನೀವು ಏನು ಮಾಡಿದಿರಿ? ಅದನ್ನೊಂದು ಎಲ್ಲಾದರೂ ಬರೆದಿಡಿ. ಆ ಕಾಲದ ಯಾರಿಗೂ ಅದು ಬೇಡವಾಗಬಹುದು. ನನಗೆ ಬೇಕು.

ಇಲ್ಲಿ ಬರವಣಿಗೆ ನಿಲ್ಲಿಸಬೇಕಾಯಿತು, ಫಕೀರಪ್ಪನವರ ಕರೆ ಬಂತು. ಅವರ ಮಾತನ್ನು ಹಾಗೇ ಬರೆಯುತ್ತೇನೆ, ಅವಸರದ ಅಕ್ಷರ, ಸೊಟ್ಟಗಿದ್ದರೆ ಕ್ಷಮಿಸಿ.

"ಅಕ್ಕಾರ, ಗುಡ್ಡದಾಗಿಂದ ಕಾಗದ ಬಂತ್ರಿ. ಒಂದ ಸಾಲು. ಊರಾಗ ಬಟ್ಟಿ ಕಟ್ಟೂ ಪದ್ಧತೀನ ಇಲ್ಲದ ಕಾಲಕ್ಕ ಗಾಳಿ ಎಲ್ಲಿಂದ ಬರತಿತ್ತು ಅಂತ ಕೇಳ್ಯಾರ. ಆಕಿಗೆ ಗೊತ್ತಿಲ್ಲಂತ್ರಿ. ಗೊತ್ತಿಲ್ಲ ಗೊತ್ತಿಲ್ಲ ಅಂತ ಅಂಗಳದಾಗ ನಕ್ಕೊಂತ ಜಿಗದಾಡಾಕತ್ಯಾಳ. ಹನ್ನೊಂದು ಮನ್ಯಾವ್ರೂ ಬಂದು ಕುಂತಾರ್ರಿ. ನೀವೂ ಬರ್ರಿ."

ಹನ್ನೆರಡರ ಬಸ್ಸಿಗೆ ಹೊರಟಿದ್ದೇನೆ. ನೀವೂ ಜೊತೆಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ಕಸ್ತೂರಿ