ಬೆನ್ನು ಕತ್ತರಿಸಿದ ಪುಸ್ತಕಗಳು

ಚೋಫು, ಟೋಕಿಯೊ
೧೪ ನವೆಂಬರ್ ೨೦೧೩

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಕೋಬೆಯಲ್ಲೂ ಚಳಿ ಶುರುವಾಗಿರಬೇಕು. ಭಾವ ಈಗಲೂ ಊಟಕ್ಕೆ ಉಪ್ಪಿನ ಮೂಲಂಗಿಯನ್ನೇ ನೆಚ್ಚಿಕೊಂಡಿದ್ದಾರೆಯೆ? ಬಿಡಿಸು. ನನ್ನ ಹೊಟ್ಟೆಯ ಗಾಯ ಮಾಗಿದೆ. ಪಿತ್ತಕೋಶವಿಲ್ಲದೆಯೂ ಮನುಷ್ಯ ಬದುಕಬಲ್ಲ ಎಂದರು ಡಾಕ್ಟರು. ಪುಸ್ತಕಗಳ ವಿಷಯ ಅವರು ಹೇಳಿರಲಿಲ್ಲ.

ನಾನು ಆಸ್ಪತ್ರೆಯಲ್ಲಿದ್ದಾಗ ನೀನು ಅಷ್ಟು ದೂರದಿಂದ ಬಂದೆ, ಗಂಜಿ ಮಾಡಿ ತಂದೆ, ಬಟ್ಟೆ ಒಗೆದೆ. ಅದನ್ನು ಮರೆತಿಲ್ಲ. ಆದರೆ ಮನೆಗೆ ಬಂದು ನೋಡಿದರೆ ಕಪಾಟುಗಳು ಖಾಲಿ. ಮೇಜಿನ ಮೇಲೆ ಹೆಬ್ಬೆರಳಿನಷ್ಟಿರುವ ಒಂದು ಪೆನ್‌ಡ್ರೈವ್. ಬಾಹ್ಯಾಕಾಶದ ಸಿನಿಮಾಗಳನ್ನು ಹೇಗೆ ಕಟ್ಟಿದರೆಂದು ತೋರಿಸುವ ಚಿತ್ರಪುಸ್ತಕಗಳು, ನೌಕೆಗಳ ನಕ್ಷೆ, ರಟ್ಟಿನ ನಗರಗಳು, ಗಾಜಿನ ಮೇಲೆ ಬರೆದ ಆಕಾಶಗಳು, ಎಲ್ಲವೂ ಅದರೊಳಗಂತೆ. ಜಾಗವಿಲ್ಲದ ಈ ಊರಿನಲ್ಲಿ ಪುಸ್ತಕದ ಬೆನ್ನು ಕತ್ತರಿಸಿ, ಹಾಳೆಗಳನ್ನು ಸ್ಕ್ಯಾನ್ ಯಂತ್ರಕ್ಕೆ ಉಣಿಸಿ, ಕಾಗದವನ್ನು ರದ್ದಿಗೆ ಹಾಕುವ ಅಂಗಡಿಗಳಿವೆ. ಜನ ಖುಷಿಯಿಂದಲೇ ಕೊಡುತ್ತಾರೆ. ಕೊಡಲಿ, ಅವರವರ ಪುಸ್ತಕ. ನೀನು ಕೊಟ್ಟದ್ದು ನನ್ನವನ್ನು.

ಫೋನಿನಲ್ಲಿ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ಎಲ್ಲಾ ಪುಟಾನೂ ಅದ್ರೊಳಗೇ ಇದೆ ಕಣೋ. ಕಪಾಟು ಮೈಮೇಲೆ ಬಿದ್ರೆ ಎತ್ತೋಕೆ ಯಾರಿದಾರೆ ನಿಂಗೆ? ಹೆಂಡ್ತಿನಾ, ಮಕ್ಕಳಾ?” ಕೋಬೆಯ ಭೂಕಂಪದಲ್ಲಿ ನಿನ್ನತ್ತೆ ಬೀರುವಿನಡಿ ಸಿಕ್ಕಿಕೊಂಡದ್ದು ನನಗೂ ನೆನಪಿದೆ. ಅದಕ್ಕೇ ಪ್ರತಿ ಕಪಾಟನ್ನೂ ಗೋಡೆಗೆ ಬಿಗಿದಿದ್ದೆ. ನೀನು ತಿರುಪುಗಳನ್ನು ನೋಡಲೇ ಇಲ್ಲ.

ಎಲ್ಲಾ ಪುಟ ಇಲ್ಲ, ಅಕ್ಕಾ. ಸ್ಟುಡಿಯೋದಲ್ಲಿ ಅಪ್ಪ ಗಾಜಿನ ಮೇಲೆ ಬಿಡಿಸಿದ ಚಂದ್ರನಗರದ ಚಿತ್ರ ನಿನಗೆ ಗೊತ್ತು. ಆ ದೃಶ್ಯವನ್ನು ಸಿನಿಮಾದಿಂದ ತೆಗೆದರು. ಸ್ಟುಡಿಯೋದ ವಾಡಿಕೆಯಂತೆ ಗಾಜನ್ನು ಕೆರೆದು ಮುಂದಿನ ಸಿನಿಮಾದ ಜ್ವಾಲಾಮುಖಿಗೆ ಬಳಸಿದರು. ಉಳಿದದ್ದು ಆ ಸಿನಿಮಾದ ಪುಸ್ತಕದಲ್ಲಿ ಎರಡು ಪುಟಗಳಿಗೆ ಹರಡಿಕೊಂಡಿದ್ದ ಅಚ್ಚು ಮಾತ್ರ. ಅದರ ನಟ್ಟನಡುವೆ, ಪುಟ ಮಡಿಚುವ ಜಾಗದಲ್ಲಿ, ಹಳದಿ ಬೆಳಕಿನ ಒಂದು ಕಿಟಕಿ; ಒಳಗೆ ಅಮ್ಮ ಬಟ್ಟೆ ಹರವುತ್ತಿದ್ದಳು, ಬೆನ್ನ ಮೇಲೆ ಮಗು. ಅದು ನೀನೋ ನಾನೋ ಎಂದು ನಾವು ಜುಟ್ಟು ಹಿಡಿದುಕೊಂಡು ಜಗಳವಾಡಿದ್ದೆವು. “ಹೋಗ್ರೋ, ಅದು ಒಗೆಯೋ ಬಟ್ಟೆ ಗಂಟು!” ಎಂದು ಅಪ್ಪ ಗದರಿ, ಆಚೆ ತಿರುಗಿ ನಗುತ್ತಿದ್ದ. ಅಂಗಡಿಯವನ ಅಲಗು ಬಿದ್ದದ್ದು ಅಲ್ಲೇ. ಈಗ ಪರದೆಯ ಮೇಲೆ ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ. ಅಮ್ಮನ ಫೋಟೋಗಳು ಬೇಕಾದಷ್ಟಿವೆ; ಅಪ್ಪ ಕಂಡ ಅಮ್ಮ ಆ ಕಿಟಕಿಯಲ್ಲಿ ಮಾತ್ರ ಇದ್ದಳು.

ಇಂಥದಾದೀತೆಂದೇ ನನ್ನಂಥವರು ನೋಡಲೊಂದು, ಕಾಪಾಡಲೊಂದು ಪ್ರತಿ ಕೊಳ್ಳುವುದು. ನೀನು ಕೇಳಿದ್ದು, “ಒಂದೇ ಪುಸ್ತಕ ಎರಡೆರಡು ತಗೊಂಡಿದೀಯಲ್ಲ, ಅರಳು ಮರಳಾ?” ಆ ಇನ್ನೊಂದು ಪ್ರತಿ ಏನಾಯಿತೆಂದು ನಾನು ಕೇಳಿದರೆ, “ಯಾರಿಗೋ ಕೊಟ್ಟೆ ಬಿಡು.” ಯಾರಿಗೋ! ಆಗಿನ್ನೂ ಮಾಗದಿದ್ದ ಹೊಟ್ಟೆ ಹಿಡಿದುಕೊಂಡು ಜಿಂಬೋಚೋದ ಹಳೆಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಅಂಗಡಿಯ ಒಬ್ಬ ಮುದುಕ ನಕ್ಕುಬಿಟ್ಟ: “ಆ ಪುಸ್ತಕ ಬಂದಿದ್ರೆ ನಿಮಗ್ಯಾಕೆ ಹೇಳ್ತಿದ್ದೆ ಸ್ವಾಮಿ, ನಾನೇ ಇಟ್ಕೋತಿದ್ದೆ.” ಅವನಿಗಾದರೂ ಬೆಲೆ ಗೊತ್ತಿತ್ತು. ನೀನು ಅಪ್ಪನ ಮಗಳು.

ಭಾವನಿಗೆ ನನ್ನ ನಮಸ್ಕಾರ. ಮಂಡಿಗೆ ಬಿಸಿ ಶಾಖ ಕೊಡುತ್ತಿರು. ನನ್ನ ಸಿಟ್ಟು ಇಳಿದಿಲ್ಲ.

ನಿನ್ನ ತಮ್ಮ,
ತೊಮೊಹಿಸಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಹಿರಸಾವಾ ಅವರು ಬಂದರು. “ನಿಮ್ಮಕ್ಕ ಹೊರಟ ದಿನ ಬಟ್ಟೇಲಿ ಗಂಟು ಕಟ್ಟಿದ ದೊಡ್ಡ ಪುಸ್ತಕಾನ ಎದೆಗವಚ್ಕೊಂಡು ಮೆಟ್ಟಿಲಿಳಿದ್ರು. ಆ ಮಂಡೀಲಿ! ನಾನು ಹಿಡ್ಕೋತೀನಿ ಅಂದ್ರೂ ಕೊಡ್ಲಿಲ್ಲ” ಎಂದರು. ಕಳ್ಳಿ. ವಾಪಸು ಕಳಿಸಬೇಡ, ಅಂಚೆಯಲ್ಲಿ ಮೂಲೆ ಮುದುರುತ್ತದೆ. ನಡುವಿನ ಪುಟವನ್ನು ಮೆಲ್ಲಗೆ ಅಗಲಿಸು, ಭೂತಗನ್ನಡಿ ಹಿಡಿದು ನೋಡು. ಅಮ್ಮನ ಬೆನ್ನ ಮೇಲಿರುವುದು ನಾನು. ಒಪ್ಪಿಕೊಂಡು ಪತ್ರ ಬರೆ.