ನೀನು ಇಳಿದ ಪುಟ

ಖಮರ,

ಇವತ್ತು ಸಂತೆ ಮುಗಿಸಿಕೊಂಡು ನಿನ್ನ ಅಮ್ಮಿ ನೇರ ನಮ್ಮ ಮನೆಗೆ ಬಂದರು. ಕೂರಿಸೋಣವೆಂದರೆ ಮಂಚದ ತುಂಬ ಪುಸ್ತಕ. ಪರೀಕ್ಷೆಗಲ್ಲದೆ ನಮಗಾಗಿ ಓದಬೇಕೆಂದು ನಾವಿಬ್ಬರೂ ಹಾಕಿಕೊಂಡ ಯೋಜನೆಯನ್ನು ಈಗ ಒಬ್ಬಳೇ ಎಳೆಯುತ್ತಿದ್ದೇನೆ. ಬೆಳಿಗ್ಗೆ ಚರಿತ್ರೆ, ಮಧ್ಯಾಹ್ನ ವಚನ, ಸಂಜೆ ಕಾದಂಬರಿ. ಯಾವುದೂ ಅರ್ಧ ದಾಟುವುದಿಲ್ಲ. ಒಂದನ್ನು ಬೋರಲು ಹಾಕಿ ಇನ್ನೊಂದನ್ನು ತೆರೆಯುತ್ತೇನೆ.

ಅಮ್ಮಿ ಅವನ್ನೆಲ್ಲ ಸರಿಸಿ ಕೂತರು. “ನೀವಿಬ್ರೂ ಬಸ್ಸಿನಾಗ ಓದ್ತಿದ್ರಲ್ಲ ಮಂಜರಿ, ಆ ಕಥಿ ಎಲ್ಲದ? ನಾ ರೊಟ್ಟಿ ಬಡಿಯಾಗ ಖಮರ ದಿನಾ ಹೇಳ್ತಿದ್ಲು. ಊರು ಬಿಟ್ಟು ಹೋದಾವ ಮನಿಗಿ ತಿರುಗಿ ಬಂದನೇನು?”

ನನಗೂ ಗೊತ್ತಿರಲಿಲ್ಲ. ಕಲಬುರಗಿಯ ಕಾಲೇಜಿನಿಂದ ಬರುವಾಗ ನೀನು ನಿಮ್ಮೂರು ಗೊಬ್ಬೂರಿನಲ್ಲಿ ಇಳಿದ ಕೂಡಲೇ ಪುಸ್ತಕ ಮುಚ್ಚಬೇಕು, ಒಬ್ಬರೇ ಮುಂದೆ ಓದಬಾರದು ಎಂಬುದು ನಮ್ಮ ಕರಾರಲ್ಲವೇ? ನೀನು ಜ್ವರದಲ್ಲಿ ತೀರಿಕೊಂಡ ಮೇಲೂ ನಾನದನ್ನು ಮುರಿದಿರಲಿಲ್ಲ.

“ಇನ್ನಾ ಓದಿಲ್ರಿ ಅಮ್ಮಿ.”

“ಹಂಗಾರ ಈಗ ಓದು ಬೇಟಿ. ನಾ ಐದರ ಬಸ್ಸಿಗಿ ಹೋಗ್ತೇನಿ.”

ರಾಶಿಯ ತಳದಿಂದ ಅದನ್ನು ಎಳೆದು, ನೀನು ಇಳಿದ ಪುಟದಿಂದ ಜೋರಾಗಿ ಓದಿದೆ. ಅಮ್ಮಿ ಕಣ್ಣು ಮುಚ್ಚಿ ಕೇಳಿದರು. ಕಥೆಯವನು ಊರು ಸೇರಿದ, ತನ್ನ ಓಣಿ ಹೊಕ್ಕ. ಮನೆಯ ಬಾಗಿಲ ಮುಂದೆ ಅವನು ಬಂದು ನಿಂತ ಸಾಲಿಗೆ ಅಮ್ಮಿ ಎದ್ದುಬಿಟ್ಟರು.

“ಇಲ್ಲಿಗಿ ಸಾಕು. ಬಸ್ಸು ತಪ್ಪತದ.”

ನಾನು ಪುಸ್ತಕ ಮುಚ್ಚಿದೆ. ಐದರ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು, ಖಮರ.

ಮಂಜರಿ